ಗಾಜಿನ ಹಿಂದಿನ ಸಾಕ್ಷಿ

ಸಂಜೆ ಆರೂವರೆಯ ಸಮಯ. ಬೆಂಗಳೂರಿನ ಬಸವನಗುಡಿಯ ಅಡ್ಡರಸ್ತೆಯೊಂದರಲ್ಲಿ ಕಾರೊಂದು ನಿಂತಿದೆ. ಅದರ ಮುಂದೆ ಸ್ಕೂಟರೊಂದು ಮಗುಚಿ ಬಿದ್ದಿದೆ. ಮೊಣಕೈ ತರಚಿಸಿಕೊಂಡ ತರುಣ ಎದ್ದು ನಿಂತು, “ಏನ್ ಸಾರ್, ಕಣ್ಣು ಕಾಣಿಸಲ್ವಾ?” ಎಂದು ಗದರುತ್ತಾನೆ. ಕಾರಿನಿಂದಿಳಿದ ಹಿರಿಯರು, “ಒನ್‌ವೇಯಲ್ಲಿ ಎದುರಿಗೆ ಬಂದೋನು ನೀನು, ನನ್ನನ್ನೇ ಕೇಳ್ತೀಯಲ್ಲಪ್ಪ!” ಎನ್ನುತ್ತಾರೆ. ಐದು ನಿಮಿಷ ಕಳೆಯುವುದರೊಳಗೆ ಮೂವತ್ತು ಜನ ಸೇರುತ್ತಾರೆ. ಅವರಲ್ಲಿ ನಡೆದುದನ್ನು ಕಣ್ಣಾರೆ ಕಂಡವರು ಇಬ್ಬರೋ ಮೂವರೋ. ತೀರ್ಪು ಹೇಳುವವರು ಮಾತ್ರ ಮೂವತ್ತು ಮಂದಿಯೂ ಹೌದು. ದೊಡ್ಡ ಗಾಡಿಯವರದೇ ತಪ್ಪು ಎಂಬ ಹಳೆಯ ಸೂತ್ರದ ಪ್ರಕಾರ ತೀರ್ಪು ಬರುತ್ತದೆ. ಹಿರಿಯರು ಎರಡು ಸಾವಿರ ರೂಪಾಯಿ ಕೊಟ್ಟು ಮನೆಗೆ ಮರಳುತ್ತಾರೆ.

ಹಣ ಹೋದುದಕ್ಕಿಂತ, ಆಡಿದ ನಿಜವನ್ನು ಒಬ್ಬರೂ ನಂಬಲಿಲ್ಲವಲ್ಲ ಎಂಬ ಕೊರಗೇ ಅವರಿಗೆ ಹೆಚ್ಚು. ಊಟಕ್ಕೆ ಕುಳಿತಾಗ ಮಗಳು, “ಅದಕ್ಕೇ ಅಪ್ಪ, ಕಾರಿಗೆ ಒಂದು ಡ್ಯಾಷ್‌ಕ್ಯಾಮ್ ಹಾಕಿಸ್ಕೊಳ್ಳಿ ಅಂತ ಎಷ್ಟು ದಿನದಿಂದ ಹೇಳ್ತಾ ಇದೀನಿ!” ಎನ್ನುತ್ತಾಳೆ. ಸಾರು ಬಡಿಸುತ್ತಿದ್ದ ಗೃಹಿಣಿ, “ಹಾಗಂದ್ರೇನೇ? ಅದಕ್ಕೆಷ್ಟು ದುಡ್ಡು?” ಎಂದು ವಿಚಾರಿಸುತ್ತಾರೆ.

ಈ ಸಂಸಾರ ಕಲ್ಪನೆಯದು. ಆದರೆ ಕಾರನ್ನಿಟ್ಟುಕೊಂಡ ಮನೆಗಳಲ್ಲಿ ಇಂಥದೊಂದು ಸಂಜೆಯನ್ನು ಕಾಣದ ಮನೆ ವಿರಳ. ಗೃಹಿಣಿ ಕೇಳಿದ ಎರಡು ಪ್ರಶ್ನೆಗಳೂ ಯೋಗ್ಯವಾದವೇ. ಅವುಗಳ ಜೊತೆಗೆ ಮೂರನೆಯದೊಂದಿದೆ. ಅದನ್ನು ಕೇಳುವವರು ಕಡಮೆ. ಅದು ಲೇಖನದ ಕೊನೆಗೆ ತಾನಾಗಿಯೇ ಬರುತ್ತದೆ.

ಏನಿದು, ಎಲ್ಲಿಂದ ಬಂತು?

ಡ್ಯಾಷ್‌ಕ್ಯಾಮ್ ಎಂದರೆ ವಾಹನದ ಮುಂಗಾಜಿನ ಒಳಬದಿಗೆ ಅಂಟಿಸುವ, ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದೊಂದು ಕ್ಯಾಮೆರಾ. ಎಂಜಿನ್ ಚಾಲೂ ಆದೊಡನೆ ಅದೂ ಎಚ್ಚರಗೊಂಡು ಮುಂದಿನ ರಸ್ತೆಯನ್ನು ಸತತವಾಗಿ ಚಿತ್ರಿಸುತ್ತಾ ಹೋಗುತ್ತದೆ. ಚಿತ್ರಗಳೆಲ್ಲವೂ ಉಗುರಿನಷ್ಟಗಲದ ಮೆಮೊರಿ ಕಾರ್ಡಿನಲ್ಲಿ ಒಂದು, ಮೂರು ಅಥವಾ ಐದು ನಿಮಿಷಗಳ ತುಂಡುಗಳಾಗಿ ಶೇಖರವಾಗುತ್ತವೆ. ಕಾರ್ಡು ತುಂಬಿದಾಗ ಎಲ್ಲಕ್ಕಿಂತ ಹಳೆಯ ತುಂಡು ಅಳಿಸಿಹೋಗಿ ಅದರ ಜಾಗದಲ್ಲಿ ಹೊಸದು ಬರುತ್ತದೆ. ವಾಹನಕ್ಕೆ ಪೆಟ್ಟು ಬಿದ್ದರೆ ಕ್ಯಾಮೆರಾದೊಳಗಿನ ಅದುರುಗ್ರಾಹಕವು ಅದನ್ನು ಅರಿತು, ಆ ಗಳಿಗೆಯ ತುಂಡಿಗೆ ಬೀಗ ಹಾಕುತ್ತದೆ. ಬೀಗ ಬಿದ್ದ ತುಂಡು ತಾನಾಗಿ ಅಳಿಯುವುದಿಲ್ಲ. ಇಡೀ ಯಂತ್ರದ ಮರ್ಮ ಇಷ್ಟೇ.

ವಾಹನದಲ್ಲಿ ಕ್ಯಾಮೆರಾವನ್ನಿಡುವ ಪದ್ಧತಿ ಮೊದಲು ಬೇರೂರಿದುದು ಅಮೆರಿಕದ ಪೊಲೀಸರಲ್ಲಿ. ಜನಸಾಮಾನ್ಯರ ಕಾರುಗಳಿಗೆ ಅದು ದೊಡ್ಡ ಪ್ರಮಾಣದಲ್ಲಿ ಇಳಿದುದು ರಷ್ಯಾದಲ್ಲಿ. ಬೇಕೆಂದೇ ವಾಹನಕ್ಕೆ ಅಡ್ಡ ಬಿದ್ದು ಹಣ ಕೀಳುವವರ ಕಾಟ, ನ್ಯಾಯಾಲಯದಲ್ಲಿ ಬರಿಯ ಬಾಯಿಮಾತು ನಿಲ್ಲದ ಕಷ್ಟ, ಇವೆರಡರಿಂದ ಬೇಸತ್ತ ಅಲ್ಲಿನ ಚಾಲಕರು ಅದನ್ನು ಮುಗಿಬಿದ್ದು ಕೊಂಡರು. ೨೦೧೩ರ ಫೆಬ್ರವರಿ ೧೫ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಬಾಹ್ಯಾಕಾಶದ ಬಂಡೆಯೊಂದು ಸೂರ್ಯನನ್ನು ಮೀರಿಸುವ ಬೆಳಕಿನಿಂದ ಉರಿದು ಸಿಡಿಯಿತು. ಅದರ ಅಲೆಗೆ ಸಾವಿರಾರು ಕಟ್ಟಡಗಳ ಗಾಜುಗಳು ಒಡೆದುವು. ಸುಮಾರು ೧,೫೦೦ ಜನ ಗಾಯಗೊಂಡು ವೈದ್ಯರ ಬಳಿಗೆ ಹೋದರು. ಯಾರೂ ನಿರೀಕ್ಷಿಸದಿದ್ದ ಆ ಘಟನೆಯನ್ನು ಜಗತ್ತು ಕಂಡುದು ಕೆಲಸಕ್ಕೆ ಹೊರಟಿದ್ದ ಸಾಮಾನ್ಯ ಜನರ ಡ್ಯಾಷ್‌ಕ್ಯಾಮ್‌ಗಳ ಮೂಲಕ. ವಿಜ್ಞಾನಿಗಳು ಆ ಚಿತ್ರಗಳಲ್ಲಿನ ನೆರಳುಗಳನ್ನೂ ಕೋನಗಳನ್ನೂ ಅಳೆದು ಬಂಡೆ ಬಂದ ದಾರಿಯನ್ನು ಲೆಕ್ಕ ಹಾಕಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಚೆಬಾರ್ಕುಲ್ ಸರೋವರದ ತಳದಿಂದ ಅದರ ದೊಡ್ಡ ತುಂಡೊಂದನ್ನು ಮೇಲೆತ್ತಲಾಯಿತು. ಆಕಾಶದ ಬಂಡೆಯ ವಿಷಯದಲ್ಲಿಯೂ ಸಾಕ್ಷಿ ಹೇಳಬಲ್ಲ ಯಂತ್ರ ಅಡ್ಡರಸ್ತೆಯ ಸ್ಕೂಟರಿನ ವಿಷಯದಲ್ಲಿ ಹೇಳಲಾರದೆ?

ಹೇಳಬಲ್ಲದು. ಆದರೆ ಅದನ್ನು ಸರಿಯಾಗಿ ಆರಿಸಿ, ಸರಿಯಾದ ಸ್ಥಳದಲ್ಲಿ ಕೂರಿಸಿದ್ದರೆ ಮಾತ್ರ.

ನಂಬರು ಓದಲು ಬರುವುದೆ?

ಎರಡು ಮೂರು ಸಾವಿರ ರೂಪಾಯಿನಿಂದ ಹಿಡಿದು ಮೂವತ್ತು ಸಾವಿರದವರೆಗೂ ಡ್ಯಾಷ್‌ಕ್ಯಾಮ್‌ಗಳು ಅಂಗಡಿಯಲ್ಲಿ ದೊರೆಯುತ್ತವೆ. ಡಬ್ಬಿಯ ಮೇಲೆ ೧೦೮೦ಪಿ, ೧೪೪೦ಪಿ, ೪ಕೆ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಅದರ ಅರ್ಥವನ್ನು ಅಂಗಡಿಯವನಿಂದ ಕೇಳುವುದಕ್ಕಿಂತ ಒಂದು ಸಣ್ಣ ಲೆಕ್ಕದಿಂದ ತಿಳಿಯುವುದು ಮೇಲು.

೧೦೮೦ಪಿ ಎಂದರೆ ಚಿತ್ರದ ಅಗಲದಲ್ಲಿ ೧,೯೨೦ ಚುಕ್ಕೆಗಳು. ಕ್ಯಾಮೆರಾ ನೋಡುವ ಅಗಲ ೧೪೦ ಡಿಗ್ರಿ ಎಂದಿಟ್ಟುಕೊಂಡರೆ ಒಂದೊಂದು ಡಿಗ್ರಿಗೆ ಸುಮಾರು ಹದಿನಾಲ್ಕು ಚುಕ್ಕೆಗಳು ಬರುತ್ತವೆ. ಕಾರಿನ ನಂಬರ್ ಪ್ಲೇಟಿನ ಅಗಲ ಅರ್ಧ ಮೀಟರು. ಹತ್ತು ಮೀಟರು ದೂರದಿಂದ ಅದು ಮೂರು ಡಿಗ್ರಿಗಿಂತಲೂ ಕಡಮೆಯಾಗಿ, ಅಂದರೆ ಸುಮಾರು ನಲವತ್ತು ಚುಕ್ಕೆಗಳಷ್ಟಾಗಿ ಕಾಣುತ್ತದೆ. ಅಷ್ಟರಲ್ಲಿ ಹತ್ತು ಅಕ್ಷರಗಳು ಅಡಕವಾಗಬೇಕು. ಒಂದಕ್ಕೆ ನಾಲ್ಕೇ ಚುಕ್ಕೆ. ನಾಲ್ಕು ಚುಕ್ಕೆಯ ಅಗಲದಲ್ಲಿ ಎಂಟಕ್ಕೂ ಮೂರಕ್ಕೂ ಭೇದ ತಿಳಿಯದು. ಐದು ಮೀಟರಿಗೆ ಬಂದರೆ ಎಂಟು ಚುಕ್ಕೆಗಳಾಗಿ ಹೇಗೋ ಓದಬಹುದು. ೪ಕೆ ಕ್ಯಾಮೆರಾದಲ್ಲಿ ಅಗಲಕ್ಕೆ ೩,೮೪೦ ಚುಕ್ಕೆಗಳಿರುವುದರಿಂದ ಅದೇ ಸ್ಪಷ್ಟತೆ ಹತ್ತು ಮೀಟರಿನಲ್ಲಿಯೇ ಸಿಕ್ಕುತ್ತದೆ.

ಈ ಲೆಕ್ಕದಿಂದ ಎರಡು ಪಾಠಗಳಿವೆ. ಮೊದಲನೆಯದು, ಯಾರ ತಪ್ಪೆಂದು ತಿಳಿಯುವುದಷ್ಟೇ ಉದ್ದೇಶವಾದರೆ ೧೦೮೦ಪಿ ಸಾಕು. ಗುದ್ದಿ ಓಡಿಹೋದವನ ನಂಬರು ಬೇಕೆಂದರೆ ೧೪೪೦ಪಿ ಅಥವಾ ೪ಕೆಗೆ ಹೋಗಬೇಕು. ಎರಡನೆಯದು, ನೋಟದ ಅಗಲ ಹೆಚ್ಚಿದಷ್ಟೂ ಒಳ್ಳೆಯದೆಂಬ ಭ್ರಮೆ ಬೇಡ. ೧೭೦ ಡಿಗ್ರಿ ನೋಡುವ ಕ್ಯಾಮೆರಾ ಅಕ್ಕಪಕ್ಕದ ಕಾಲುದಾರಿಗಳನ್ನೆಲ್ಲಾ ತೋರಿಸಿ, ಎದುರಿನ ನಂಬರನ್ನು ಮಾತ್ರ ಸಾಸಿವೆ ಮಾಡಿಬಿಡುತ್ತದೆ. ೧೩೦ರಿಂದ ೧೫೦ ಡಿಗ್ರಿಗಳ ನಡುವಣ ನೋಟ ನಮ್ಮ ರಸ್ತೆಗಳಿಗೆ ಹಿತವಾದುದು.

ಇನ್ನೊಂದು ಉಪಾಯಕ್ಕೆ ಕಾಸಿನ ಖರ್ಚೂ ಇಲ್ಲ. ಅಪಘಾತವಾದೊಡನೆ, ಓಡುತ್ತಿರುವ ವಾಹನದ ನಂಬರು ಚಾಲಕನ ಕಣ್ಣಿಗೆ ಬಿದ್ದರೆ ಅದನ್ನು ಬಾಯಿಬಿಟ್ಟು ಗಟ್ಟಿಯಾಗಿ ಹೇಳಬೇಕು. ಯಂತ್ರದ ಕಣ್ಣು ಕಾಣದುದನ್ನು ಅದರ ಕಿವಿ ಕೇಳಿ ಬರೆದಿಟ್ಟುಕೊಳ್ಳುತ್ತದೆ.

ಇನ್ನು ರಾತ್ರಿಯ ಸಂಗತಿ. ಹಗಲಿನಲ್ಲಿ ಎಲ್ಲ ಕ್ಯಾಮೆರಾಗಳೂ ಸಂಭಾವಿತರೇ; ಪರೀಕ್ಷೆಯಾಗುವುದು ಕತ್ತಲೆಯಲ್ಲಿ. ನಮ್ಮಲ್ಲಿ ಎದುರಿನ ದೀಪಗಳು ಕಣ್ಣು ಕೋರೈಸುತ್ತವೆ, ನಂಬರ್ ಪ್ಲೇಟಿನ ಹೊಳೆವ ಹಾಳೆ ಬೆಳಕನ್ನು ತಿರುಗಿ ಚೆಲ್ಲುತ್ತದೆ, ಪಕ್ಕದಲ್ಲಿ ದೀಪವಿಲ್ಲದ ಬೈಸಿಕಲ್ಲು ಬರುತ್ತದೆ. ಅತಿ ಬೆಳಕನ್ನೂ ಅತಿ ಕತ್ತಲೆಯನ್ನೂ ಒಂದೇ ಚಿತ್ರದಲ್ಲಿ ಸರಿದೂಗಿಸುವ ಗುಣಕ್ಕೆ ಎಚ್‌ಡಿಆರ್ ಅಥವಾ ಡಬ್ಲ್ಯೂಡಿಆರ್ ಎಂದು ಹೆಸರು. ಡಬ್ಬಿಯ ಮೇಲೆ ಅದು ಇರಬೇಕು. ಇದ್ದರೂ ಅದನ್ನಷ್ಟೇ ನಂಬದೆ, ಕೊಳ್ಳಲಿರುವ ಮಾದರಿಯಿಂದಲೇ ರಾತ್ರಿ ತೆಗೆದ ಚಿತ್ರವನ್ನು ನೋಡಿ ನಿರ್ಧರಿಸುವುದು ಜಾಣತನ.

ಬಿಸಿಲೇ ದೊಡ್ಡ ಶತ್ರು

ಕೊಳ್ಳುವವರು ಸಾಮಾನ್ಯವಾಗಿ ಕೇಳದ, ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇದರೊಳಗೆ ಇರುವುದು ಬ್ಯಾಟರಿಯೋ, ಕೆಪಾಸಿಟರೋ?

ವಾಹನದ ವಿದ್ಯುತ್ತು ಹಠಾತ್ತನೆ ನಿಂತಾಗ ಕೊನೆಯ ತುಂಡನ್ನು ಸರಿಯಾಗಿ ಮುಗಿಸಿ ಕಾರ್ಡಿನಲ್ಲಿಡಲು ಕ್ಯಾಮೆರಾಕ್ಕೆ ಕೆಲವು ಸೆಕೆಂಡುಗಳ ಸ್ವಂತ ಶಕ್ತಿ ಬೇಕು. ಅಗ್ಗದ ಮಾದರಿಗಳಲ್ಲಿ ಅನೇಕವು ಇದಕ್ಕೆ ಲಿಥಿಯಂ ಬ್ಯಾಟರಿಯನ್ನು ಇಟ್ಟಿರುತ್ತವೆ. ಆ ಜಾತಿಯ ಬ್ಯಾಟರಿಯನ್ನು ಸುಮಾರು ೪೫ ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಕಾವಿನಲ್ಲಿ ಚಾರ್ಜು ಮಾಡುವುದು ಹಿತವಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಗಾಜುಗಳನ್ನು ಮುಚ್ಚಿ ಬಯಲಿನಲ್ಲಿ ನಿಲ್ಲಿಸಿದ ಕಾರಿನ ಮುಂಗಾಜಿನ ಬಳಿಯ ಕಾವಾದರೋ ೬೦ ಡಿಗ್ರಿಯನ್ನೂ ದಾಟುತ್ತದೆ. ರಾಯಚೂರು ಕಲಬುರಗಿಗಳ ಕಡೆಯ ಬಿಸಿಲನ್ನಂತೂ ಹೇಳಬೇಕಾದುದಿಲ್ಲ. ಅಲ್ಲಿ ಬ್ಯಾಟರಿ ಹಪ್ಪಳದಂತೆ ಉಬ್ಬಿ ಕ್ಯಾಮೆರಾದ ಹೊಟ್ಟೆಯನ್ನೇ ಬಿರಿಯಬಹುದು; ಬೆಂಕಿಯ ಭಯವೂ ಇಲ್ಲದಿಲ್ಲ. ಕೆಪಾಸಿಟರು ಕಾವನ್ನು ಬಹುಮಟ್ಟಿಗೆ ತಡೆಯುತ್ತದೆ. ಆದುದರಿಂದ ನಮ್ಮ ನಾಡಿನ ಹವೆಗೆ ಕೆಪಾಸಿಟರಿನ ಮಾದರಿಯೇ ಯೋಗ್ಯ. ಚುಕ್ಕೆಗಳ ಲೆಕ್ಕದಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೂ ಚಿಂತೆಯಿಲ್ಲ, ಈ ವಿಷಯದಲ್ಲಿ ಇಳಿಯಬಾರದು.

ಕಾರ್ಡಿನ ವಿಷಯದಲ್ಲಿಯೂ ಅದೇ ಮಾತು. ಸಾಧಾರಣ ೧೦೮೦ಪಿ ಚಿತ್ರಕ್ಕೆ ಗಂಟೆಗೆ ಆರರಿಂದ ಎಂಟು ಗಿಗಾಬೈಟು ಸ್ಥಳ ಬೇಕು. ೬೪ ಗಿಗಾಬೈಟಿನ ಕಾರ್ಡಿನಲ್ಲಿ ಎಂಟೊಂಬತ್ತು ಗಂಟೆಗಳ ಓಡಾಟ ನಿಲ್ಲುತ್ತದೆ. ದಿನಕ್ಕೆರಡು ಗಂಟೆ ಕಾರು ಓಡಿದರೆ ನಾಲ್ಕೈದು ದಿನಕ್ಕೊಮ್ಮೆ ಇಡೀ ಕಾರ್ಡು ಅಳಿದು ಹೊಸದಾಗಿ ಬರೆಯಲ್ಪಡುತ್ತದೆ. ಅಂದರೆ ವರ್ಷಕ್ಕೆ ಎಂಬತ್ತು ಸಲ. ಫೋಟೋ ತೆಗೆಯಲೆಂದು ಮಾಡಿದ ಸಾಮಾನ್ಯ ಕಾರ್ಡು ಈ ದುಡಿಮೆಗೆ ಹುಟ್ಟಿದುದಲ್ಲ. ಅದು ಹೇಳದೆ ಕೇಳದೆ ಒಂದು ದಿನ ಸಾಯುತ್ತದೆ. ಸತ್ತ ಸಂಗತಿ ಮನೆಯವರಿಗೆ ತಿಳಿಯುವುದು ಅಪಘಾತವಾದ ಸಂಜೆ. ‘ಹೈ ಎಂಡ್ಯೂರೆನ್ಸ್’ ಎಂದು ನಮೂದಿಸಿರುವ, ಸತತ ಬರವಣಿಗೆಗೆಂದೇ ಮಾಡಿದ ಕಾರ್ಡನ್ನು ನಂಬಿಕೆಯ ಅಂಗಡಿಯಲ್ಲಿ ಕೊಳ್ಳಬೇಕು. ತಿಂಗಳಿಗೊಮ್ಮೆ, ಬೇಕಾದುದನ್ನು ತೆಗೆದಿಟ್ಟುಕೊಂಡು, ಕ್ಯಾಮೆರಾದಲ್ಲಿಯೇ ಅದನ್ನು ಫಾರ್ಮ್ಯಾಟ್ ಮಾಡಬೇಕು.

ಉಳಿದ ಸೌಕರ್ಯಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಹಿಂದಿನ ಗಾಜಿಗೆ ಇನ್ನೊಂದು ಕಣ್ಣು ಇದ್ದರೆ, ಸಿಗ್ನಲ್ಲಿನಲ್ಲಿ ಹಿಂದಿನಿಂದ ಗುದ್ದುವವರ ವಿಷಯದಲ್ಲಿ ಉಪಯೋಗವುಂಟು. ಜಿಪಿಎಸ್ ಇದ್ದರೆ ಸ್ಥಳ, ವೇಗ, ಸಮಯಗಳು ತಾವಾಗಿ ನಮೂದಾಗುತ್ತವೆ. ಪರದೆ ದೊಡ್ಡದಿರುವುದರಿಂದ ಲಾಭಕ್ಕಿಂತ ಚಾಲಕನ ಗಮನ ಕೆಡುವುದೇ ಹೆಚ್ಚು. ವಿಮೆಯ ಕಂತು ಇಳಿಯುವುದೆಂಬ ಆಸೆಯಿಂದ ಕೊಳ್ಳುವುದು ಬೇಡ.

ಎಲ್ಲಿ ಕೂರಿಸಬೇಕು?

ಡ್ಯಾಷ್‌ಕ್ಯಾಮ್ ಎಂಬ ಹೆಸರೇ ತಪ್ಪು ದಾರಿಗೆ ಎಳೆಯುತ್ತದೆ. ಅದು ಡ್ಯಾಷ್‌ಬೋರ್ಡಿನ ಮೇಲೆ ಕೂರಬಾರದು. ಅದರ ನಿಜವಾದ ಸ್ಥಾನ ಹಿನ್ನೋಟದ ಕನ್ನಡಿಯ ಹಿಂದೆ, ಸ್ವಲ್ಪ ಎಡಕ್ಕೆ, ಮುಂಗಾಜಿನ ಮೇಲ್ಭಾಗದಲ್ಲಿ. ಬಲಬದಿಯಲ್ಲಿ ಕುಳಿತ ಚಾಲಕನ ನೋಟಕ್ಕೆ ಅಲ್ಲಿ ಅಡ್ಡಿಯಿಲ್ಲ. ವೈಪರು ಒರೆಸುವ ಜಾಗ ಅದೇ ಆಗಿರಬೇಕು. ಇಲ್ಲದಿದ್ದರೆ ಆಗುಂಬೆಯ ಮಳೆಯಲ್ಲಿ ಕ್ಯಾಮೆರಾ ಚಿತ್ರಿಸುವುದು ನೀರಿನ ಹನಿಗಳನ್ನು ಮಾತ್ರ. ಈಚಿನ ಕಾರುಗಳಲ್ಲಿ ಕನ್ನಡಿಯ ಹಿಂದೆ ಮಳೆಯನ್ನು ಗುರುತಿಸುವ ಅಥವಾ ರಸ್ತೆಯ ಗೆರೆಗಳನ್ನು ಗಮನಿಸುವ ಯಂತ್ರದ ಕಣ್ಣು ಮೊದಲೇ ಇರುತ್ತದೆ. ಅದನ್ನು ಮುಚ್ಚದಂತೆ ದೂರ ಸರಿಸಬೇಕು.

ನಮ್ಮ ಮನೆಗಳ ಕಾರುಗಳಲ್ಲಿ ಡ್ಯಾಷ್‌ಬೋರ್ಡಿನ ಮೇಲೆ ಗಣಪತಿ ಇರುತ್ತಾನೆ; ಕನ್ನಡಿಗೆ ಮಣಿಸರವೋ ಮಲ್ಲಿಗೆಯ ದಂಡೆಯೋ ತೂಗುತ್ತದೆ. ಭಕ್ತಿಗೆ ಯಾರ ಆಕ್ಷೇಪಣೆಯೂ ಇಲ್ಲ. ಆದರೆ ಬಿಳಿಯ ಅಥವಾ ಹೊಳೆಯುವ ವಿಗ್ರಹದ ಪ್ರತಿಬಿಂಬ ಬಿಸಿಲಿನಲ್ಲಿ ಗಾಜಿನ ಮೇಲೆ ಬಿದ್ದು ಚಿತ್ರದ ನಡುವೆ ನಿಲ್ಲುತ್ತದೆ. ತೂಗುವ ಸರ ಕ್ಯಾಮೆರಾದ ಕಣ್ಣಿಗೆ ಅಡ್ಡ ಬರುತ್ತದೆ. ವಿಗ್ರಹವನ್ನು ಕೊಂಚ ಪಕ್ಕಕ್ಕೆ ಸರಿಸಿ ಅದರ ಕೆಳಗೆ ಹೊಳಪಿಲ್ಲದ ಕಪ್ಪು ಬಟ್ಟೆ ಹಾಸಿದರೆ ದೇವರಿಗೂ ಅಪಚಾರವಿಲ್ಲ, ಸಾಕ್ಷಿಗೂ ತೊಡಕಿಲ್ಲ.

ಗಾಜನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ಅಂಟುಪಟ್ಟಿಯನ್ನು ಒತ್ತಿ ಹಿಡಿಯಬೇಕು. ಒಂದು ದಿನ ಅಂಟು ಬಲಿಯಲು ಬಿಡುವುದು ಲೇಸು. ಚಿತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ರಸ್ತೆಯೂ ಉಳಿದುದು ಆಕಾಶವೂ ಕಾಣುವಂತೆ ಮುಖವನ್ನು ತಿರುಗಿಸಬೇಕು. ಆಕಾಶ ಹೆಚ್ಚಾದರೆ ಕ್ಯಾಮೆರಾ ಅದರ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ರಸ್ತೆಯನ್ನು ಕಪ್ಪಾಗಿಸುತ್ತದೆ.

ತಂತಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಹೆಚ್ಚು ಬೇಕು. ಅತಿ ಸುಲಭವಾದ ಮಾರ್ಗವೆಂದರೆ ಮೊಬೈಲು ಚಾರ್ಜು ಮಾಡುವ ಸಾಕೆಟ್ಟಿನಿಂದಲೇ ವಿದ್ಯುತ್ತು ಪಡೆಯುವುದು. ತಂತಿಯನ್ನು ಗಾಜಿನ ಮೇಲಂಚಿನ ಬಟ್ಟೆಯೊಳಗೆ ತೂರಿಸಿ, ಎಡಗಡೆಯ ಕಂಬದ ಪಕ್ಕದಲ್ಲಿ ಇಳಿಸಿ, ಬಾಗಿಲಿನ ರಬ್ಬರಿನ ಹಿಂದೆ ಅಡಗಿಸಿ ಕೆಳಗೆ ತರಬಹುದು. ಅರ್ಧ ಗಂಟೆಯ ಕೆಲಸ; ಮನೆಯಲ್ಲಿಯೇ ಆಗುತ್ತದೆ. ಆದರೆ ಅನೇಕ ಕಾರುಗಳಲ್ಲಿ ಆ ಕಂಬದೊಳಗೆ ಏರ್‌ಬ್ಯಾಗಿನ ಚೀಲ ಮಡಿಸಿಟ್ಟಿರುತ್ತದೆ. ತಂತಿ ಅದರ ಮುಂದೆ ಹಾದುಹೋದರೆ ಅಪಘಾತದಲ್ಲಿ ಚೀಲ ಬಿಚ್ಚಿಕೊಳ್ಳಲು ತಡೆಯಾಗಬಹುದು, ಅಥವಾ ತಂತಿಯೇ ಚಾಟಿಯಂತೆ ಮುಖಕ್ಕೆ ಬಡಿಯಬಹುದು. ಪ್ರಾಣ ಉಳಿಸುವ ಸಾಧನವನ್ನು ಸಾಕ್ಷಿ ಉಳಿಸುವ ಸಾಧನ ಕೆಡಿಸಬಾರದು. ಕಂಬದ ಮೇಲೆ ‘ಏರ್‌ಬ್ಯಾಗ್’ ಎಂಬ ಗುರುತಿದ್ದರೆ ತಂತಿಯನ್ನು ಚೀಲದ ಹಿಂಬದಿಯಲ್ಲಿ ಒಯ್ಯಬೇಕು. ಅದು ತಿಳಿಯದಿದ್ದರೆ ಬಲ್ಲ ಕೆಲಸಗಾರನಿಗೇ ಒಪ್ಪಿಸಬೇಕು.

ಕಾರು ನಿಂತಿರುವಾಗಲೂ ಕಾವಲು ಬೇಕೆನ್ನುವವರು ಫ್ಯೂಸ್ ಪೆಟ್ಟಿಗೆಯಿಂದ ನೇರವಾಗಿ ವಿದ್ಯುತ್ತು ಪಡೆಯುತ್ತಾರೆ. ಇಲ್ಲಿ ತಂತಿಯನ್ನು ಕತ್ತರಿಸಿ ಟೇಪು ಸುತ್ತುವ ಕೆಲಸಕ್ಕೆ ಎಂದಿಗೂ ಒಪ್ಪಬಾರದು. ಅದರಿಂದ ಬೆಂಕಿಯ ಅಪಾಯ ಒಂದು, ವಾಹನದ ವಾರಂಟಿಗೆ ತೊಡಕು ಇನ್ನೊಂದು. ಫ್ಯೂಸಿನ ಜಾಗದಲ್ಲಿ ಸಿಕ್ಕಿಸಿ ಪ್ರತ್ಯೇಕ ಫ್ಯೂಸಿನೊಂದಿಗೆ ಕವಲು ತೆಗೆಯುವ ಚಿಕ್ಕ ಸಾಧನ ಅಂಗಡಿಗಳಲ್ಲಿ ಸಿಕ್ಕುತ್ತದೆ. ಬ್ಯಾಟರಿಯ ಲೆಕ್ಕವನ್ನೂ ನೋಡಬೇಕು. ಸಣ್ಣ ಕಾರಿನ ಬ್ಯಾಟರಿ ಸಾಮಾನ್ಯವಾಗಿ ೩೫ ಆಂಪಿಯರ್-ಅವರ್ ಶಕ್ತಿಯದು. ಕ್ಯಾಮೆರಾ ೦.೩ ಆಂಪಿಯರು ಎಳೆದರೂ ದಿನಕ್ಕೆ ಏಳು ಆಂಪಿಯರ್-ಅವರ್ ಹೋಗುತ್ತದೆ. ಊರಿಗೆ ಹೋಗಿ ಮೂರು ದಿನ ಬಿಟ್ಟು ಬಂದವರಿಗೆ ಕಾರು ಸ್ಟಾರ್ಟ್ ಆಗದಿದ್ದರೆ ಆಶ್ಚರ್ಯವಿಲ್ಲ. ಬ್ಯಾಟರಿ ೧೨ ವೋಲ್ಟಿನ ಆಸುಪಾಸಿಗೆ ಇಳಿದೊಡನೆ ತಾನಾಗಿ ಸಂಪರ್ಕ ಕಡಿಯುವ ಕಿಟ್ಟು ಇದ್ದರೆ ಮಾತ್ರ ಈ ಕಾವಲು ಇಟ್ಟುಕೊಳ್ಳಬೇಕು. ರಾತ್ರಿ ಕಾರು ಕಾಂಪೌಂಡಿನೊಳಗೆ ನಿಲ್ಲುವ ಮನೆಗಳಿಗೆ ಇದರ ಅಗತ್ಯವೇ ಇಲ್ಲ.

ಕೂರಿಸಿದ ದಿನವೇ ಗಡಿಯಾರವನ್ನು ಸರಿಪಡಿಸಬೇಕು. ತಾರೀಖು ತಪ್ಪಾದ ಚಿತ್ರ ಎದುರು ಪಕ್ಷದ ವಕೀಲರಿಗೆ ಹಬ್ಬದೂಟ. ದೀಪದ ಕಂಪನದ ಸಂಖ್ಯೆಯನ್ನು ೫೦ ಹರ್ಟ್ಸ್‌ಗೆ ಇಡಬೇಕು. ನಮ್ಮ ದೇಶದ ವಿದ್ಯುತ್ತು ಆ ಲೆಕ್ಕದ್ದು. ಅಮೆರಿಕದ ೬೦ಕ್ಕೆ ಬಿಟ್ಟಿದ್ದರೆ ಬೀದಿದೀಪಗಳು ಚಿತ್ರದಲ್ಲಿ ಮಿಣುಕುತ್ತವೆ. ಆಮೇಲೆ ಒಂದು ಸುತ್ತು ಹೋಗಿ ಬಂದು, ಕಾರ್ಡನ್ನು ಮನೆಯ ಕಂಪ್ಯೂಟರಿಗೆ ಹಾಕಿ, ನಿಜವಾಗಿಯೂ ಏನು ಕಾಣುತ್ತದೆಂದು ನೋಡಬೇಕು. ನೋಡದೆ ನಂಬಿದ ಕ್ಯಾಮೆರಾ ಬಿಚ್ಚಿ ನೋಡದ ಕೊಡೆಯಂತೆ. ತೂತಿರುವುದು ತಿಳಿಯುವುದು ಮಳೆಯಲ್ಲಿ.

ಅಪಘಾತವಾದಾಗ

ಮೊದಲು ನೋಡಬೇಕಾದುದು ಮನುಷ್ಯನನ್ನು, ಕ್ಯಾಮೆರಾವನ್ನಲ್ಲ. ಗಾಯಗೊಂಡವರಿಗೆ ಚಿಕಿತ್ಸೆ ದೊರಕಿಸುವುದು ಚಾಲಕನ ಕರ್ತವ್ಯವೆಂದು ಮೋಟಾರು ವಾಹನಗಳ ಕಾಯಿದೆಯ ೧೩೪ನೆಯ ಕಲಮು ವಿಧಿಸಿದೆ. ಪೊಲೀಸರಿಗೆ ಘಟನೆಯನ್ನು ತಿಳಿಸುವ ಹೊಣೆಯೂ ಅದರಲ್ಲಿಯೇ ಇದೆ. ಕರ್ನಾಟಕದಲ್ಲಿ ಆಂಬ್ಯುಲೆನ್ಸಿಗೆ ೧೦೮, ಪೊಲೀಸರಿಗೆ ೧೧೨.

ಆಮೇಲೆ ಕ್ಯಾಮೆರಾದ ಬೀಗದ ಗುಂಡಿಯನ್ನು ಒತ್ತಿ, ಅದನ್ನು ನಿಲ್ಲಿಸಿ, ಕಾರ್ಡನ್ನು ಹೊರತೆಗೆಯಬೇಕು. ಮನೆಗೆ ಓಡಿಸಿಕೊಂಡು ಬರುತ್ತಾ ಹಾಗೆಯೇ ಬಿಟ್ಟರೆ ಬೀಗ ಬೀಳದ ತುಂಡುಗಳು ಅಳಿಯತೊಡಗುತ್ತವೆ. ರಸ್ತೆಯಲ್ಲಿ ನೆರೆದವರಿಗೆಲ್ಲಾ ಚಿತ್ರ ತೋರಿಸುವ ಆತುರ ಬೇಡ. ಗುಂಪಿನ ಕೈಗೆ ಹೋದ ಕಾರ್ಡು ತಿರುಗಿ ಬರುವ ಭರವಸೆಯಿಲ್ಲ. ಚಿತ್ರದ ಪ್ರತಿಯೊಂದನ್ನು ತೆಗೆದಿಟ್ಟು, ಮೂಲ ಕಾರ್ಡನ್ನು ಮುಟ್ಟದೆ ಭದ್ರಪಡಿಸಬೇಕು. ವಾಟ್ಸ್ಆ್ಯಪಿನಲ್ಲಿ ಕಳುಹಿಸಿದ ಚಿತ್ರ ಮೂಲದ ಚಿತ್ರವಲ್ಲ. ಅಲ್ಲಿ ಅದು ಕುಗ್ಗಿ ಬದಲಾಗಿರುತ್ತದೆ.

ನ್ಯಾಯಾಲಯದಲ್ಲಿ ಇದರ ಬೆಲೆಯೇನು? ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮು ಇಂಥ ವಿದ್ಯುನ್ಮಾನ ದಾಖಲೆಗಳನ್ನು ಸಾಕ್ಷ್ಯವೆಂದು ಅಂಗೀಕರಿಸುತ್ತದೆ. ಆದರೆ ಪ್ರತಿಯೊಂದಿಗೆ ನಿಗದಿಯಾದ ನಮೂನೆಯಲ್ಲಿ ಪ್ರಮಾಣಪತ್ರವಿರಬೇಕು. ಕಡತದ ಬೆರಳಚ್ಚಿನಂತಿರುವ ‘ಹ್ಯಾಷ್’ ಎಂಬ ಸಂಖ್ಯೆಯನ್ನು ಅದರಲ್ಲಿ ನಮೂದಿಸಬೇಕು. ಚಿತ್ರದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಹಿಂದಿನ ಕಾಯಿದೆಯ ಕಾಲದಲ್ಲಿಯೇ, ೨೦೨೦ರಲ್ಲಿ, ಸುಪ್ರೀಂ ಕೋರ್ಟು ಇಂಥ ಪ್ರಮಾಣಪತ್ರ ಅವಶ್ಯವೆಂದು ಖಚಿತವಾಗಿ ಹೇಳಿತ್ತು. ಆದುದರಿಂದ ಚಿತ್ರವನ್ನು ಕತ್ತರಿಸಿ, ಹಿಂದೆ ಸಂಗೀತ ಸೇರಿಸಿ ಅಂದಗೊಳಿಸುವ ಹುಮ್ಮಸ್ಸು ಕೇಸನ್ನೇ ಕೆಡಿಸಬಹುದು.

ಬೀದಿಯ ಜನರೂ ಜನರೇ

ಡ್ಯಾಷ್‌ಕ್ಯಾಮ್ ಕಾರಿನವರ ಶತ್ರುಗಳನ್ನು ಮಾತ್ರ ಚಿತ್ರಿಸುವುದಿಲ್ಲ. ರಸ್ತೆ ದಾಟುವ ಶಾಲೆಯ ಮಕ್ಕಳು, ಬಸ್ಸಿಗೆ ಕಾದ ಹೆಂಗಸರು, ಪಕ್ಕದ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರೆಂಬ ಸಂಗತಿ, ಎಲ್ಲವೂ ಅದರಲ್ಲಿ ಇಳಿಯುತ್ತವೆ. ಜರ್ಮನಿಯ ಉಚ್ಚ ನ್ಯಾಯಪೀಠ ೨೦೧೮ರ ಮೇ ೧೫ರಂದು ಕೊಟ್ಟ ತೀರ್ಪು ಇಲ್ಲಿ ಸ್ಮರಣೀಯ: ಅಪಘಾತದ ವ್ಯಾಜ್ಯದಲ್ಲಿ ಡ್ಯಾಷ್‌ಕ್ಯಾಮ್ ಚಿತ್ರವನ್ನು ಸಾಕ್ಷ್ಯವಾಗಿ ನೋಡಬಹುದು, ಆದರೆ ಕಾರಣವಿಲ್ಲದೆ ರಸ್ತೆಯನ್ನು ಸದಾ ಚಿತ್ರಿಸುತ್ತಿರುವುದು ಅಲ್ಲಿನ ಖಾಸಗಿತನದ ಕಾಯಿದೆಗೆ ವಿರುದ್ಧ ಎಂದು ಅದು ಹೇಳಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು ಸಾರಿದುದು ೨೦೧೭ರ ಆಗಸ್ಟ್ ೨೪ರಂದು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ನಮ್ಮ ರಸ್ತೆಗಳಲ್ಲಿ ಡ್ಯಾಷ್‌ಕ್ಯಾಮ್ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ಯಾರೋ ಜಾರಿ ಬಿದ್ದ ಚಿತ್ರವನ್ನು ಊರಿಗೆಲ್ಲಾ ಹಂಚಿ ನಗುವುದು ಸಭ್ಯ ಕುಟುಂಬಕ್ಕೆ ತಕ್ಕುದಲ್ಲ.

ಕಾರಿನೊಳಗೂ ಅದೇ ನ್ಯಾಯ. ಧ್ವನಿಗ್ರಾಹಕ ತೆರೆದಿದ್ದರೆ ದಂಪತಿಗಳ ಜಗಳ, ಮಗಳ ಮದುವೆಯ ಮಾತುಕತೆ, ನೆಂಟರ ಮೇಲಿನ ಟೀಕೆ, ಎಲ್ಲವೂ ಕಾರ್ಡಿನಲ್ಲಿ ಉಳಿಯುತ್ತವೆ. ಕಾರು ಹತ್ತುವವರಿಗೆ ಅದನ್ನು ಮೊದಲೇ ತಿಳಿಸುವುದು ಮರ್ಯಾದೆ.

ಮೂರನೆಯ ಪ್ರಶ್ನೆ

ಇಷ್ಟಾದ ಮೇಲೆ ಬಸವನಗುಡಿಯ ಹಿರಿಯರ ಬಳಿಗೆ ಮರಳಬಹುದು. ಅವರು ಕೆಪಾಸಿಟರಿನ ಮಾದರಿಯನ್ನೇ ಕೊಂಡರು. ಕನ್ನಡಿಯ ಹಿಂದೆ ಅದು ಕುಳಿತು ಆರು ತಿಂಗಳಾಯಿತು. ಒಂದು ಸಂಜೆ, ಎಡಕ್ಕೆ ತಿರುಗುವಾಗ, ಪಕ್ಕದಲ್ಲಿ ಬರುತ್ತಿದ್ದ ಹೂವಿನವನ ಸೈಕಲ್ಲಿಗೆ ಕಾರು ತಾಗಿತು. ಚಕ್ರ ಬಾಗಿತು, ಸೇವಂತಿಗೆಯ ಬುಟ್ಟಿ ಮಗುಚಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಹಿರಿಯರು, “ಇಂಡಿಕೇಟರ್ ಹಾಕಿದ್ದೆ, ನೋಡಬಾರದೇನಪ್ಪ?” ಎಂದರು. ಸೇರಿದ ಜನ ಈ ಸಲ ಹಿರಿಯರ ಪಕ್ಷವನ್ನೇ ಹಿಡಿದರು. ಮುದುಕನಾದ ಹೂವಿನವನು, “ತಪ್ಪಾಯ್ತು ಸ್ವಾಮಿ” ಎಂದು ಕೈಮುಗಿದು, ಸೈಕಲ್ಲನ್ನು ಎತ್ತಿಕೊಂಡು ಹೋದನು.

ರಾತ್ರಿ ಮಗಳು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು. ರಸ್ತೆ ಕಂಡಿತು, ತಿರುವು ಕಂಡಿತು. ಸೈಕಲ್ಲು ಕ್ಯಾಮೆರಾದ ನೋಟದಿಂದ ಹೊರಗಿತ್ತು. ಮಗಳು ಶಬ್ದವನ್ನು ಏರಿಸಿದಳು. ಎಂಜಿನ್ನಿನ ಸದ್ದಿತ್ತು, ರೇಡಿಯೋದ ಹಾಡು ಸಣ್ಣಗೆ ಕೇಳುತ್ತಿತ್ತು. ಇಂಡಿಕೇಟರಿನ ಟಿಕ್ ಟಿಕ್ ಶಬ್ದ ಮಾತ್ರ ಇರಲಿಲ್ಲ.

“ಇನ್ನೊಂದ್ಸಲ ಹಾಕಮ್ಮ” ಎಂದರು ಹಿರಿಯರು. ಎರಡನೆಯ ಸಲವೂ ಇರಲಿಲ್ಲ. ಅವರು ಸುಳ್ಳು ಹೇಳಿದವರಲ್ಲ, ಹಾಕಿದೆನೆಂದೇ ನಂಬಿದ್ದರು. ಆರು ತಿಂಗಳ ಹಿಂದಿನ ಆ ತರುಣನೂ ಬಹುಶಃ ಹಾಗೆಯೇ ನಂಬಿದ್ದನೋ ಏನೋ.

ಮೂರನೆಯ ಪ್ರಶ್ನೆ ಇದೇ: ಸಾಕ್ಷಿ ತನ್ನ ವಿರುದ್ಧವಾಗಿ ನುಡಿದಾಗಲೂ ಅದನ್ನು ಕೇಳಲು ಮಾಲೀಕ ಸಿದ್ಧನೆ? ಅಳಿಸುವ ಗುಂಡಿ ಪ್ರತಿಯೊಂದು ಕ್ಯಾಮೆರಾದಲ್ಲಿಯೂ ಉಂಟು. ಮೊಕದ್ದಮೆಗೆ ಬೇಕಾಗುವ ದಾಖಲೆಯನ್ನು ಬೇಕೆಂದೇ ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಪರಾಧ. ಆದರೆ ಹೂವಿನವನು ಮೊಕದ್ದಮೆ ಹೂಡುವವನಲ್ಲ. ಆ ಮನೆಯ ಮೂವರ ಹೊರತು ಆ ಶಬ್ದದ ಸಂಗತಿ ಯಾರಿಗೂ ತಿಳಿಯುವಂತಿರಲಿಲ್ಲ.

ಗೃಹಿಣಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ನು ಗಾಂಧಿಬಜಾರಿನಲ್ಲಿ ಕೂತ್ಕೊಳ್ಳೋನೇ ಅಲ್ವೇನ್ರೀ?” ಎಂದರು.

“ಹೌದು, ಬೆಳಿಗ್ಗೆ ಆರಕ್ಕೆಲ್ಲ ಬಂದಿರ್ತಾನೆ” ಎಂದರು ಹಿರಿಯರು. ಮರುದಿನ ಅವರು ಕಾರು ತೆಗೆಯಲಿಲ್ಲ, ನಡೆದೇ ಹೋದರು.